ಗಲ್ಲಿಗೆ ಬಂದ ಶಾಸಕರನ್ನು ಸದನದ ಬಗ್ಗೆಯೂ ಕೇಳಿ

ಪೂರ್ವ ಬೆಂಗಳೂರಿನ ಹೊಸ ಮತದಾರರಿಗೊಂದು ಬಹಿರಂಗ ಪತ್ರ

ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ತಮ್ಮಂದಿರೇ, ತಂಗಿಯರೇ,

2023ರ ಮೇ 10ರಂದು ರಾಜ್ಯ ವಿಧಾನಸಭೆಗೆ ಮತದಾನ ನಡೆದಾಗ ನಿಮಗಿನ್ನೂ ಹದಿನೆಂಟು ತುಂಬಿರಲಿಲ್ಲ. 2028ಕ್ಕೆ ಬರಬೇಕಾದ ಚುನಾವಣೆಯಲ್ಲಿ ನೀವು ಮೊದಲ ಸಲ ಶಾಸಕರೊಬ್ಬರನ್ನು ಆರಿಸುತ್ತೀರಿ. ಯಾವ ಪಕ್ಷಕ್ಕೆ ಮತ ಹಾಕಬೇಕೆಂದು ಹೇಳಲು ಈ ಪತ್ರ ಬರೆಯುತ್ತಿಲ್ಲ, ಅದು ನಿಮಗೆ ಬಿಟ್ಟದ್ದು. ಶಾಸಕ ಎನ್ನುವ ಮನುಷ್ಯ ನಮ್ಮ ಈ ಭಾಗದಲ್ಲಿ ಹೇಗೆ ಬೆಳೆದು ಬರುತ್ತಾನೆ, ಏನು ಮಾಡುತ್ತಾನೆ, ಅವನಿಂದ ನಾವು ಏನನ್ನು ಕೇಳುವುದನ್ನೇ ಬಿಟ್ಟಿದ್ದೇವೆ ಎಂಬುದನ್ನು ನಿಮ್ಮ ಮುಂದಿಡಬೇಕು ಅನ್ನಿಸಿದೆ.

ನಾವು ಕೇಳುವುದೇನೆಂದು ನಿಮಗೂ ಗೊತ್ತು. ಮೋರಿ ಕಟ್ಟಿಕೊಂಡರೆ ಎಮ್ಮೆಲ್ಲೆ ಆಫೀಸಿಗೆ ಹೋಗುತ್ತೇವೆ. ರೇಷನ್ ಕಾರ್ಡ್ ನಿಂತುಹೋದರೆ, ಖಾತಾ ಆಗದಿದ್ದರೆ, ಬೌರಿಂಗ್ ಆಸ್ಪತ್ರೆಯಲ್ಲಿ ಬೆಡ್ ಬೇಕಾದರೆ, ಮಗುವಿಗೆ ಶಾಲೆಯಲ್ಲಿ ಸೀಟು ಬೇಕಾದರೆ ಅವರ ಶಿಫಾರಸು ಪತ್ರ ಕೇಳುತ್ತೇವೆ. ಮದುವೆಗೆ ಕರೆಯುತ್ತೇವೆ, ಮನೆಯಲ್ಲಿ ಸಾವಾದರೆ ಬಂದು ಮುಖ ತೋರಿಸಲಿ ಎಂದು ಕಾಯುತ್ತೇವೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಚೇರಿಯ ಬಾಗಿಲು ತಾನಾಗಿ ತೆರೆಯದ ಊರಿನಲ್ಲಿ ಬಡವರು ಬಾಗಿಲು ತೆರೆಸಬಲ್ಲವರನ್ನು ಹುಡುಕಿಕೊಂಡು ಹೋಗುತ್ತಾರೆ. ಆದರೆ ಆ ಮನುಷ್ಯನನ್ನು ನಾವು ಆರಿಸಿ ಕಳಿಸಿದ್ದು ವಿಧಾನಸೌಧದ ಒಂದು ಕುರ್ಚಿಗೆ. ಶಿವಾಜಿನಗರದ ಬಸ್ ನಿಲ್ದಾಣದಿಂದ ಆ ಕಟ್ಟಡಕ್ಕೆ ನಡೆದುಕೊಂಡೇ ಹೋಗಬಹುದು. ಇಷ್ಟು ಹತ್ತಿರವಿದ್ದೂ ಅಲ್ಲಿ ನಮ್ಮ ಶಾಸಕರು ಏನು ಮಾತನಾಡಿದರು, ಯಾವ ಮಸೂದೆಗೆ ಕೈ ಎತ್ತಿದರು, ಯಾವುದಕ್ಕೆ ಸುಮ್ಮನಿದ್ದರು ಎಂದು ಕೇಳುವವರು ನಮ್ಮಲ್ಲಿ ಬಹಳ ಕಡಿಮೆ.

ಆ ಕುರ್ಚಿ ನಮಗೆ ಸುಲಭವಾಗಿ ದಕ್ಕಿದ್ದಲ್ಲ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಹಲಸೂರಿನ ಬಯಲಿಗೆ ತಂದು ದಂಡನ್ನು, ಅಂದರೆ ಕಂಟೋನ್ಮೆಂಟನ್ನು, ಕಟ್ಟಿದರು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಮರಳಿ ಒಪ್ಪಿಸಿದಾಗ ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು, 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ದೇಶೀ ಸಂಸ್ಥಾನವೊಂದು ಪ್ರಜೆಗಳನ್ನು ಕೂರಿಸಿ ಅಹವಾಲು ಕೇಳುತ್ತಿದ್ದ ಆ ದಿನಗಳಲ್ಲಿ ಹಲಸೂರು, ಶಿವಾಜಿನಗರದ ಜನ ಬ್ರಿಟಿಷ್ ರೆಸಿಡೆಂಟನ ಆಡಳಿತದಲ್ಲಿದ್ದರು. ದಂಡಿಗೆ ಪುರಸಭೆಯಿತ್ತು. ಕಾನೂನಿನ ವಿಷಯದಲ್ಲಿ ಮಾತ್ರ ಬೇರೆಯವರು ಬರೆದದ್ದನ್ನು ಪಾಲಿಸುವುದೇ ಇಲ್ಲಿಯವರ ಪಾಲಿಗಿತ್ತು. ಕೆಲವೇ ಮೈಲಿ ಆಚೆಗಿನ ಕೃಷ್ಣರಾಜಪುರ ಮೈಸೂರಿಗೆ ಸೇರಿತ್ತು, ಈಚೆಗಿನ ನಾವು ಸೇರಿರಲಿಲ್ಲ. 1947ರಲ್ಲಿ ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆಯ ಮತ್ತು ದಂಡಿನ ಎರಡು ಪುರಸಭೆಗಳು ಸೇರಿ ಒಂದು ನಗರಪಾಲಿಕೆಯಾಯಿತು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ದಂಡಿನ ಕೂಲಿಯವರೂ ಬಟ್ಲರರೂ ಹೂ ಮಾರುವವರೂ ಓದು, ಆಸ್ತಿ, ತೆರಿಗೆಯ ಲೆಕ್ಕವಿಲ್ಲದೆ ಶಾಸಕರನ್ನು ಆರಿಸಿದರು. ನಿಮ್ಮ ಮುತ್ತಜ್ಜನಿಗೆ ಸಿಕ್ಕದಿದ್ದ ಹಕ್ಕು ನಿಮಗೆ ಹದಿನೆಂಟಕ್ಕೇ ಸಿಗುತ್ತಿದೆ.

ಇನ್ನು ಇಲ್ಲಿಯ ಶಾಸಕರ ಬದುಕಿನ ದಾರಿಗಳನ್ನು ನೋಡಿ. ಈ ಭಾಗ ಯಾವ ಒಂದು ಜಾತಿಗೂ ಭಾಷೆಗೂ ಸೇರಿದ್ದಲ್ಲವಾದ್ದರಿಂದ ದಾರಿಗಳೂ ಹಲವು. ಕೆ.ಜೆ. ಜಾರ್ಜ್ ಕೇರಳದಲ್ಲಿ ಹುಟ್ಟಿ, ಕೊಡಗಿನಲ್ಲಿ ಯುವ ಕಾಂಗ್ರೆಸ್ಸಿನಿಂದ ರಾಜಕೀಯ ಶುರುಮಾಡಿ, 1985 ಮತ್ತು 1989ರಲ್ಲಿ ಭಾರತಿನಗರದಿಂದ ಗೆದ್ದವರು. ಮುಂದೆ 2008ರಿಂದ ನಾಲ್ಕು ಚುನಾವಣೆಗಳಲ್ಲಿ ಸರ್ವಜ್ಞನಗರ ಅವರನ್ನು ಆರಿಸಿತು. ಆರ್. ರೋಷನ್ ಬೇಗ್ ಜಯಮಹಲ್, ಶಿವಾಜಿನಗರಗಳಿಂದ ಹಲವು ಸಲ ಗೆದ್ದು ಜೆ.ಎಚ್. ಪಟೇಲರ ಸಂಪುಟದಲ್ಲಿ ಗೃಹ ಖಾತೆ ನೋಡಿಕೊಂಡರು. ಇಂದಿರಾನಗರದ ಕಡೆಯ ಸಿ.ವಿ. ರಾಮನ್ ನಗರ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ, ಅಲ್ಲಿ ಬಿಜೆಪಿಯ ಎಸ್. ರಘು 2008ರಿಂದ ಸತತ ನಾಲ್ಕು ಸಲ ಗೆದ್ದಿದ್ದಾರೆ. ಬೈರತಿ ಬಸವರಾಜ ಪಾಲಿಕೆ ಸದಸ್ಯರಾಗಿದ್ದವರು, 2013ರಲ್ಲಿ ಕೆ.ಆರ್. ಪುರದ ಶಾಸಕರಾದರು. ರಿಜ್ವಾನ್ ಅರ್ಷದ್ ಯುವ ಕಾಂಗ್ರೆಸ್ಸಿನ ರಾಜ್ಯಾಧ್ಯಕ್ಷರಾಗಿ, ವಿಧಾನ ಪರಿಷತ್ತಿನ ಸದಸ್ಯರಾಗಿ, ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದಲ್ಲಿ 2014 ಮತ್ತು 2019ರಲ್ಲಿ ಸೋತು, ಆಮೇಲೆ ಶಿವಾಜಿನಗರದಿಂದ ವಿಧಾನಸಭೆಗೆ ಬಂದರು.

ಇಷ್ಟು ಬೇರೆ ಬೇರೆ ಕಡೆಯಿಂದ ಬಂದವರಿಗೂ ಒಂದು ಸಾಮಾನ್ಯ ಶಾಲೆಯಿದೆ, ಅದು ಗಲ್ಲಿ. ತಮಿಳು, ಉರ್ದು, ತೆಲುಗು, ಕನ್ನಡ ನಾಲ್ಕರಲ್ಲೂ ಕುಶಲ ವಿಚಾರಿಸಲು ಬಾರದವರು ಇಲ್ಲಿ ಗೆಲ್ಲುವುದು ಕಷ್ಟ. ಯಾವ ಬೀದಿಯಲ್ಲಿ ಯಾರ ಮಾತು ನಡೆಯುತ್ತದೆ, ಯಾವ ಹಬ್ಬಕ್ಕೆ ಎಲ್ಲಿ ಪೆಂಡಾಲ್ ಬೇಕು, ಯಾವ ಕೊಳೆಗೇರಿಗೆ ಟ್ಯಾಂಕರ್ ಬರಲಿಲ್ಲ ಎನ್ನುವುದು ಬಾಯಿಪಾಠ ಇರಬೇಕು. ಬೆಳಗಾಗುವ ಮುಂಚೆ ಮನೆ ಮುಂದೆ ಜನ ಸೇರುತ್ತಾರೆ, ರಾತ್ರಿ ಊಟದ ಹೊತ್ತಿಗೂ ಫೋನು ನಿಲ್ಲುವುದಿಲ್ಲ. ಆ ದುಡಿಮೆಯನ್ನು ನಾನು ಹಗುರವಾಗಿ ಕಾಣುವವನಲ್ಲ, ನೀವೂ ಕಾಣಬೇಡಿ.

ಆ ಬದುಕಿಗೆ ಅಪಾಯವೂ ಅಂಟಿಕೊಂಡಿದೆ. 2020ರ ಆಗಸ್ಟ್ 11ರ ರಾತ್ರಿ, ಸಂಬಂಧಿಯೊಬ್ಬರು ಸಾಮಾಜಿಕ ಜಾಲತಾಣದಲ್ಲಿ ಹಾಕಿದ್ದ ಬರಹದ ನೆಪದಲ್ಲಿ, ಪುಲಕೇಶಿನಗರದ ಆಗಿನ ಶಾಸಕ ಆರ್. ಅಖಂಡ ಶ್ರೀನಿವಾಸಮೂರ್ತಿಯವರ ಮನೆಗೆ ಗುಂಪು ಬೆಂಕಿ ಹಚ್ಚಿತು. ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಪೊಲೀಸ್ ಠಾಣೆಗಳ ಮೇಲೆ ದಾಳಿಯಾಯಿತು, ಗೋಲಿಬಾರಿನಲ್ಲಿ ಜೀವಗಳು ಹೋದವು. 2018ರಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚಿನ ಅಂತರದಲ್ಲಿ ಗೆಲ್ಲಿಸಿದ ಕ್ಷೇತ್ರದಲ್ಲೇ ಅವರ ಮನೆ ಉಳಿಯಲಿಲ್ಲ. 2013ರಲ್ಲಿ ಜೆಡಿಎಸ್, 2018ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದ ಅವರಿಗೆ 2023ರಲ್ಲಿ ಕಾಂಗ್ರೆಸ್ ಟಿಕೆಟ್ ಸಿಗಲಿಲ್ಲ. ಬಿಎಸ್‌ಪಿಯಿಂದ ನಿಂತು ಸೋತರು. ಗೆಲುವಿನ ಅಂತರವಾಗಲಿ ಅನುಭವಿಸಿದ ನೋವಾಗಲಿ ಟಿಕೆಟ್ಟಿಗೆ ಖಾತರಿ ಕೊಡುವುದಿಲ್ಲ. ಶಾಸಕರ ಭವಿಷ್ಯ ಪಕ್ಷದ ನಾಯಕರ ಕೈಯಲ್ಲಿರುವುದರಿಂದ ಅವರ ಕಣ್ಣು ಸದಾ ಅತ್ತ ಕಡೆಗೇ ಇರುತ್ತದೆ. ನಾವು ಅವರ ಸದನದ ಕೆಲಸವನ್ನು ಗಮನಿಸಿ ಬೆಲೆ ಕಟ್ಟಿದ್ದರೆ ಆ ಕಣ್ಣು ಒಂದಿಷ್ಟಾದರೂ ಇತ್ತ ತಿರುಗುತ್ತಿತ್ತು.

ಶಾಸಕರು ಗಲ್ಲಿಗೇ ಕಟ್ಟುಬೀಳಲು ಇನ್ನೊಂದು ಕಾರಣ ಪಾಲಿಕೆ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಆಗ ಆಯ್ಕೆಯಾದ 198 ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮುಂದೆ ಐದು ವರ್ಷ ದಾಟಿದರೂ ಹೊಸ ಚುನಾವಣೆ ಆಗಲಿಲ್ಲ. ವಾರ್ಡುಗಳ ಸಂಖ್ಯೆ ಬದಲಾಯಿತು, ಮೀಸಲಾತಿ ಪಟ್ಟಿ ಬದಲಾಯಿತು, ಕಾಯಿದೆಯೇ ಬದಲಾಯಿತು, ಪ್ರಕರಣಗಳು ನ್ಯಾಯಾಲಯ ಸುತ್ತಿದವು. ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ಬೀದಿ ದೀಪಕ್ಕೂ ಶಾಸಕರೇ ದಿಕ್ಕಾದರು. ಗುತ್ತಿಗೆದಾರ, ಎಂಜಿನಿಯರ್, ಗುದ್ದಲಿ ಪೂಜೆ ಎಲ್ಲವೂ ಅವರ ಸುತ್ತ ಸೇರಿಕೊಂಡವು. ಈಗ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಹುಟ್ಟಿದವು. ಕೆ.ಆರ್. ಪುರ ಮತ್ತು ಮಹದೇವಪುರ ಸೇರಿ ಬೆಂಗಳೂರು ಪೂರ್ವ ನಗರ ಪಾಲಿಕೆಯಾಯಿತು. ಶಿವಾಜಿನಗರ, ಸಿ.ವಿ. ರಾಮನ್ ನಗರಗಳು ಕೇಂದ್ರ ಪಾಲಿಕೆಗೆ ಹೋದವು.

ಈ ಬದಲಾವಣೆ ಆದದ್ದು ಎಲ್ಲಿ? ಸದನದಲ್ಲಿ. ನಿಮ್ಮ ಮನೆಯ ತೆರಿಗೆ ಯಾವ ಪಾಲಿಕೆಗೆ ಹೋಗಬೇಕು, ನಿಮ್ಮ ಬೀದಿಯನ್ನು ಯಾರು ಆಳಬೇಕು, ಐದು ಪಾಲಿಕೆಗಳ ಮೇಲಿನ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ ಅಧ್ಯಕ್ಷರಾಗಬೇಕೇ ಎನ್ನುವುದೆಲ್ಲ ಒಂದು ವಿಧೇಯಕದಲ್ಲಿ ತೀರ್ಮಾನವಾಯಿತು. ಆಗ ನಿಮ್ಮ ಕ್ಷೇತ್ರದ ಶಾಸಕರು ಯಾವ ಕಲಮಿನ ಬಗ್ಗೆ ಎದ್ದು ನಿಂತರು, ಯಾವ ತಿದ್ದುಪಡಿ ಸೂಚಿಸಿದರು? ಮನೆಯಲ್ಲಿ ಅಪ್ಪ ಅಮ್ಮನನ್ನು ಕೇಳಿ ನೋಡಿ. ಮೋರಿ ಯಾವಾಗ ರಿಪೇರಿಯಾಯಿತೆಂದು ಥಟ್ಟನೆ ಹೇಳುತ್ತಾರೆ, ಈ ಪ್ರಶ್ನೆಗೆ ಉತ್ತರ ಅವರ ಬಳಿ ಇರಲಾರದು. ಮೋರಿಯ ದುಡ್ಡು ಯಾರು ಕೊಡಬೇಕು, ಲೆಕ್ಕ ಯಾರು ಒಪ್ಪಿಸಬೇಕು ಎಂದು ತೀರ್ಮಾನಿಸುವುದು ಆ ಕಾಯಿದೆಯೇ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಎರಡು ಕೋಟಿ ರೂಪಾಯಿ. ಲಕ್ಷಗಟ್ಟಲೆ ಜನ ಬದುಕುವ ಕ್ಷೇತ್ರಕ್ಕೆ ಅದು ಎಷ್ಟರದು! ಸದನದಲ್ಲಿ ಮಂಜೂರಾಗುವ ರಾಜ್ಯದ ಬಜೆಟ್ ಲಕ್ಷಾಂತರ ಕೋಟಿಯದು. ಶಾಸಕರ ನಿಜವಾದ ಶಕ್ತಿಯಿರುವುದು ಅಲ್ಲಿ.

ಸದನದ ಕೆಲಸ ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ನಮ್ಮ ಕಣ್ಣೆದುರಿಗೇ ಸಾಕ್ಷಿಗಳಿವೆ. ಅರಕಲಗೂಡಿನ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿ ಹಾಸನ ಜಿಲ್ಲೆಯವರು. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿ ಪತ್ತೆಹಚ್ಚಲು ರಚನೆಯಾದ ಜಂಟಿ ಸದನ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. ಸಮಿತಿಯವರು ಸರ್ವೆ ನಂಬರುಗಳನ್ನು ಹಿಡಿದು ಜಾಗದಿಂದ ಜಾಗಕ್ಕೆ ತಿರುಗಿದರು, ಅಧಿಕಾರಿಗಳನ್ನು ಕರೆಸಿ ಕಡತ ತೆರೆಸಿದರು. 2007ರ ಹೊತ್ತಿಗೆ ಹೊರಬಂದ ವರದಿ ಇಪ್ಪತ್ತೇಳು ಸಾವಿರ ಎಕರೆಗೂ ಹೆಚ್ಚು ಒತ್ತುವರಿಯನ್ನು ಲೆಕ್ಕ ಹಾಕಿ ತೋರಿಸಿತು. ಮುಂದೆ ರಾಣೆಬೆನ್ನೂರಿನ ಕೆ.ಬಿ. ಕೋಳಿವಾಡರ ಅಧ್ಯಕ್ಷತೆಯ ಸದನ ಸಮಿತಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಸಾವಿರದೈನೂರಕ್ಕೂ ಹೆಚ್ಚು ಕೆರೆಗಳನ್ನು ಪರಿಶೀಲಿಸಿ, ಹತ್ತು ಸಾವಿರ ಎಕರೆಗೂ ಮೀರಿದ ಕೆರೆಯಂಗಳ ಒತ್ತುವರಿಯಾಗಿದೆ ಎಂದು 2017ರಲ್ಲಿ ವರದಿ ಕೊಟ್ಟಿತು. ಒತ್ತುವರಿದಾರರಲ್ಲಿ ಖಾಸಗಿಯವರ ಜೊತೆ ಸರ್ಕಾರಿ ಸಂಸ್ಥೆಗಳೂ ಇದ್ದವು. ಭೂಕಬಳಿಕೆ ನಿಷೇಧ ಕಾಯಿದೆ ಬಂದದ್ದು, ಅದರಡಿ 2016ರಲ್ಲಿ ವಿಶೇಷ ನ್ಯಾಯಾಲಯ ಕೆಲಸ ಶುರುಮಾಡಿದ್ದು ರಾಮಸ್ವಾಮಿ ಸಮಿತಿ ಎಬ್ಬಿಸಿದ ಚರ್ಚೆಯ ಮುಂದುವರಿಕೆಯಾಗಿಯೇ. ಕೆ.ಆರ್. ಪುರ ಹೋಬಳಿಯ ಕೆರೆಗಳ ಪರವಾಗಿ ಸದನದಲ್ಲಿ ಇಷ್ಟು ದುಡಿದವರು ದೂರದ ಜಿಲ್ಲೆಗಳಿಂದ ಆರಿಸಿ ಬಂದ ಇಬ್ಬರು. ಮಳೆ ಬಂದಾಗಲೆಲ್ಲ ನೀರು ನುಗ್ಗುವ ಬಡಾವಣೆಗಳ ನೀವು ಈ ಎರಡು ವರದಿಗಳ ಹೆಸರನ್ನು ನೆನಪಿಟ್ಟುಕೊಳ್ಳಿ. ಒಬ್ಬ ಶಾಸಕ ಹತ್ತು ಸಲ ಪಂಪ್ ತರಿಸಿ ನೀರು ಹೊರಹಾಕಿಸುವುದಕ್ಕಿಂತ ರಾಜಕಾಲುವೆಯ ಒತ್ತುವರಿ ತೆರವಿನ ಬಗ್ಗೆ ಸದನದಲ್ಲಿ ಪಟ್ಟು ಹಿಡಿದು ಮಂತ್ರಿಗಳಿಂದ ಲಿಖಿತ ಭರವಸೆ ಪಡೆಯುವುದು ದೊಡ್ಡ ಕೆಲಸ. ಕೊಟ್ಟ ಭರವಸೆ ಈಡೇರಿತೇ ಎಂದು ನೋಡುವುದಕ್ಕೆಂದೇ ವಿಧಾನಸಭೆಯಲ್ಲಿ ಭರವಸೆಗಳ ಸಮಿತಿ ಇದೆ.

ಶಿವಾಜಿನಗರದ ಮಕ್ಕಳಿಗೆ ಇನ್ನೊಂದು ಉದಾಹರಣೆ ಮನೆಯಲ್ಲೇ ಸಿಕ್ಕೀತು. 2019ರ ಜೂನ್‌ನಲ್ಲಿ ಐಎಂಎ ಎಂಬ ಹೂಡಿಕೆ ಕಂಪನಿ ಬಾಗಿಲು ಹಾಕಿತು. ಬಡ್ಡಿ ಬೇಡ, ಲಾಭದ ಪಾಲು ಸಾಕು ಎಂದು ನಂಬಿ ಮಗಳ ಮದುವೆಯ ದುಡ್ಡು, ನಿವೃತ್ತಿಯ ದುಡ್ಡು, ಒಡವೆ ಇಟ್ಟಿದ್ದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಆಗ ಅವರಿಗೆ ಆಸರೆಯಾದದ್ದು ಠೇವಣಿದಾರರ ಹಿತ ಕಾಯಲು 2004ರಲ್ಲಿ ರಾಜ್ಯ ಮಾಡಿಕೊಂಡಿದ್ದ ಕಾಯಿದೆ. ಆ ಕಾಯಿದೆಯ ಅಡಿಯಲ್ಲೇ ಸಕ್ಷಮ ಪ್ರಾಧಿಕಾರ ನೇಮಕವಾಗಿ, ಕಂಪನಿಯ ಆಸ್ತಿ ಜಪ್ತಿಯಾಗಿ, ಕ್ಲೇಮು ಅರ್ಜಿಗಳನ್ನು ಕರೆದು, ಸಣ್ಣ ಮೊತ್ತ ಇಟ್ಟವರಿಂದ ಮೊದಲುಮಾಡಿ ಹಣ ಹಂಚುವ ಕೆಲಸ ನಡೆಯಿತು. ಬಂದ ಹಣ ಕಳೆದುಕೊಂಡದ್ದರ ಮುಂದೆ ಬಹಳ ಕಡಿಮೆ, ನಿಜ. ಆದರೂ ಆ ಕಾಯಿದೆ ಇಲ್ಲದಿದ್ದರೆ ಅಷ್ಟೂ ಇರುತ್ತಿರಲಿಲ್ಲ. ಹದಿನೈದು ವರ್ಷ ಮೊದಲು ಯಾರೋ ಶಾಸಕರು ಕೂತು ಒಪ್ಪಿದ ಕೆಲವು ಪುಟಗಳು ಶಿವಾಜಿನಗರದ ವಿಧವೆಯೊಬ್ಬಳ ಪಾಲಿಗೆ ಒದಗಿ ಬಂದವು. ಇಂಥ ಕಂಪನಿಗಳು ಮುಳುಗುವ ಮುನ್ನವೇ ತಡೆಯುವ ಬಲ ಆ ಕಾಯಿದೆಗೆ ಸಾಕಷ್ಟಿದೆಯೇ, ಅಧಿಕಾರಿಗಳು ಎಚ್ಚರಿಕೆಯ ಸೂಚನೆ ಸಿಕ್ಕಾಗ ಏನು ಮಾಡಿದರು ಎಂದು ಸದನದಲ್ಲಿ ಕೇಳಬೇಕಾದವರು ಇಂದಿನ ಶಾಸಕರು.

ಅದೇ 2019ರಲ್ಲಿ ಆ ಕುರ್ಚಿಗೇ ಏನಾಯಿತು ಎಂಬುದನ್ನೂ ತಿಳಿದುಕೊಳ್ಳಿ. ಜುಲೈನಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಹಲವು ಶಾಸಕರು ರಾಜೀನಾಮೆ ಕೊಟ್ಟರು. ಕೆ.ಆರ್. ಪುರದ ಬೈರತಿ ಬಸವರಾಜ, ಶಿವಾಜಿನಗರದ ರೋಷನ್ ಬೇಗ್ ಇಬ್ಬರೂ ಅವರಲ್ಲಿದ್ದರು. ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ 99-105 ಮತಗಳಿಂದ ವಿಶ್ವಾಸ ಕಳೆದುಕೊಂಡಿತು. ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಮತ್ತೆ ಸ್ಪರ್ಧಿಸಬಾರದೆಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಸ್ಪರ್ಧೆಯ ಮೇಲಿನ ನಿರ್ಬಂಧವನ್ನು ತೆಗೆಯಿತು. ಡಿಸೆಂಬರ್ 5ಕ್ಕೆ ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಬಸವರಾಜ ಬಿಜೆಪಿಯಿಂದ ನಿಂತು ಕೆ.ಆರ್. ಪುರವನ್ನು ಮತ್ತೆ ಗೆದ್ದರು, 2020ರ ಫೆಬ್ರುವರಿಯಲ್ಲಿ ಮಂತ್ರಿಯಾದರು. ರೋಷನ್ ಬೇಗ್ ಕಣಕ್ಕಿಳಿಯಲಿಲ್ಲ, ಶಿವಾಜಿನಗರದಲ್ಲಿ ಕಾಂಗ್ರೆಸ್ಸಿನ ರಿಜ್ವಾನ್ ಅರ್ಷದ್ ಗೆದ್ದರು.

1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿಸಿದಾಗ ಪಕ್ಷಾಂತರಕ್ಕೆ ಬೇಲಿ ಹಾಕಿದೆವೆಂದು ದೇಶ ಅಂದುಕೊಂಡಿತ್ತು. 2003ರ ತೊಂಬತ್ತೊಂದನೇ ತಿದ್ದುಪಡಿ, ಅನರ್ಹನಾದವನು ಮತ್ತೆ ಗೆದ್ದು ಬರುವ ತನಕ ಮಂತ್ರಿಯಾಗುವಂತಿಲ್ಲ ಎಂದಿತು. ಹೀಗಾಗಿ ಈಗ ಪಕ್ಷ ಬಿಡುವವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬರುತ್ತಾರೆ. ಬೇಲಿಯಲ್ಲಿ ಉಳಿದಿರುವ ಈ ದಾರಿಯಲ್ಲಿ ಕೊನೆಯ ಕಾವಲು ನೀವೇ. ಕಾಯಿದೆ ಅವರನ್ನು ನಿಮ್ಮ ಬಾಗಿಲಿಗೆ ತಂದು ನಿಲ್ಲಿಸುತ್ತದೆ, ಅಷ್ಟೇ. ಹಿಂದಿನ ಪಕ್ಷ ಬಿಟ್ಟದ್ದು ಏಕೆ, ನಮ್ಮನ್ನು ಕೇಳಿದಿರಾ, ನಿಮ್ಮ ಕುರ್ಚಿ ತಿಂಗಳುಗಟ್ಟಲೆ ಖಾಲಿ ಬಿದ್ದಾಗ ನಮ್ಮ ಪರವಾಗಿ ಯಾರು ಮಾತನಾಡಿದರು ಎಂದು ಕೇಳುವುದು ನಿಮ್ಮ ಕೆಲಸ. ಅವರು ಕೊಡುವ ಉತ್ತರ ಸರಿ ಅನ್ನಿಸಿದರೆ ಮತ ಕೊಡಿ. ಕೇಳದೆ ಕೊಡಬೇಡಿ.

ದಂಡಿಗೆ ಸಂಬಂಧಿಸಿದ ಇನ್ನೊಂದು ಕುರ್ಚಿ ನಮ್ಮ ಕಾಲದಲ್ಲೇ ಸದನದಿಂದ ಹೋಯಿತು. ನಮ್ಮ ವಿಧಾನಸಭೆಯಲ್ಲಿ ಚುನಾಯಿತರು 224 ಮಂದಿ. ಅವರ ಜೊತೆಗೆ ಸಂವಿಧಾನದ 333ನೇ ವಿಧಿಯ ಪ್ರಕಾರ ರಾಜ್ಯಪಾಲರು ಆಂಗ್ಲೋ-ಇಂಡಿಯನ್ ಸಮುದಾಯದ ಒಬ್ಬರನ್ನು ನಾಮಕರಣ ಮಾಡುತ್ತಿದ್ದರು. ರೈಲ್ವೆ, ಅಂಚೆ-ತಂತಿ, ಶಾಲೆಗಳಲ್ಲಿ ದುಡಿದ, ಕುಕ್ ಟೌನ್, ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್‌ಗಳಲ್ಲಿ ಬಾಳಿದ, ಕೆ.ಆರ್. ಪುರದಿಂದ ಮುಂದಕ್ಕೆ 1882ರಲ್ಲಿ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ ವೈಟ್‌ಫೀಲ್ಡ್ ಎಂಬ ಊರನ್ನು ಕಟ್ಟಿಕೊಂಡ ಸಮುದಾಯ ಅದು. ಎಲ್ಲೂ ಒಂದು ಕ್ಷೇತ್ರ ಗೆಲ್ಲುವಷ್ಟು ಸಂಖ್ಯೆ ಇಲ್ಲದವರಿಗಾಗಿ ಸಂವಿಧಾನ ಕೊಟ್ಟ ದನಿ. ಆ ಒಂದು ಮತಕ್ಕೆ ಎಷ್ಟು ತೂಕವಿತ್ತೆಂದರೆ, 2018ರ ಮೇನಲ್ಲಿ ಬಿ.ಎಸ್. ಯಡಿಯೂರಪ್ಪನವರು ಬಹುಮತ ತೋರಿಸುವ ಮುನ್ನ ಆಂಗ್ಲೋ-ಇಂಡಿಯನ್ ಸದಸ್ಯರ ನಾಮಕರಣ ಮಾಡಬಾರದೆಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. 104ನೇ ತಿದ್ದುಪಡಿ ಬಂದ ಮೇಲೆ, 2020ರ ಜನವರಿ 25ರಿಂದ ಆ ಅವಕಾಶ ಮುಂದುವರಿಯಲಿಲ್ಲ. 2011ರ ಜನಗಣತಿಯಂತೆ ದೇಶದಲ್ಲಿ ಉಳಿದಿರುವ ಆಂಗ್ಲೋ-ಇಂಡಿಯನ್ನರು 296 ಮಂದಿ ಮಾತ್ರ ಎಂದು ಕೇಂದ್ರದ ಕಾನೂನು ಸಚಿವರು ಸಂಸತ್ತಿನಲ್ಲಿ ಹೇಳಿದರು. ಸಮುದಾಯದವರು ಆ ಲೆಕ್ಕವನ್ನು ಒಪ್ಪಲಿಲ್ಲ. ದಂಡಿನ ಬೀದಿಗಳನ್ನು ಬಲ್ಲ ಯಾರೂ ಒಪ್ಪಲಾರರು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಸಂಖ್ಯೆ ಕಡಿಮೆ ಇರುವವರಿಗೆ ಸದನದಲ್ಲಿ ಬೇರೆ ಕುರ್ಚಿ ಇಲ್ಲ ಎಂದಾದ ಮೇಲೆ ಅವರ ಮಾತನ್ನೂ ಕ್ಷೇತ್ರದ ಶಾಸಕರೇ ಆಡಬೇಕು. ಈ ಪೂರ್ವ ಭಾಗದಲ್ಲಿ ಸಂಖ್ಯೆಯ ಬಲವಿಲ್ಲದವರು ಬಹಳ ಮಂದಿ ಇದ್ದಾರೆ. ಕೊಳೆಗೇರಿಯ ಹಕ್ಕುಪತ್ರಕ್ಕೆ ಕಾಯುವ ಕುಟುಂಬಗಳು, ಪೌರಕಾರ್ಮಿಕರು, ರಸೆಲ್ ಮಾರ್ಕೆಟ್ಟಿನ ಸಣ್ಣ ವ್ಯಾಪಾರಿಗಳು, ಮತಪಟ್ಟಿಯಲ್ಲಿ ಹೆಸರೇ ಇಲ್ಲದ ವಲಸೆ ಕೂಲಿಗಳು. ಗಲ್ಲಿಯ ಲೆಕ್ಕಾಚಾರದಲ್ಲಿ ಮತ ಹೆಚ್ಚಿರುವ ಬೀದಿಗೆ ಮೊದಲು ಕೆಲಸ ಆಗುತ್ತದೆ. ಸದನದಲ್ಲಿ ಒಂದೇ ಒಂದು ಒಳ್ಳೆಯ ಪ್ರಶ್ನೆ ಮತವೇ ಇಲ್ಲದವರ ಬದುಕನ್ನೂ ಮುಟ್ಟುತ್ತದೆ. ನನಗೆ ಸದನದ ಕೆಲಸದ ಮೇಲೆ ಇಷ್ಟು ಪ್ರೀತಿ ಇರುವುದು ಇದಕ್ಕಾಗಿಯೇ.

ಹಾಗಾದರೆ ನಾವು ಮಾಡಬೇಕಾದದ್ದೇನು? ಮೊದಲು ಹೆಸರು ಸೇರಿಸಿ. ಹದಿನೇಳು ತುಂಬಿದವರು ಮುಂಗಡವಾಗಿಯೇ ನಮೂನೆ 6ರಲ್ಲಿ ಅರ್ಜಿ ಕೊಡಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳಲ್ಲಿ ಯಾವುದಕ್ಕೆ ಹದಿನೆಂಟು ತುಂಬುತ್ತದೋ ಆಗ ಹೆಸರು ಪಟ್ಟಿಗೆ ಬರುತ್ತದೆ. 2023ರಲ್ಲಿ ರಾಜ್ಯದಲ್ಲಿ ಶೇಕಡ 73ರಷ್ಟು ಮತದಾನವಾದರೆ ಸಿ.ವಿ. ರಾಮನ್ ನಗರದಲ್ಲಿ ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಬರಲಿಲ್ಲ. ಇಂದಿರಾನಗರದ ಮಕ್ಕಳೇ, ಈ ಮಾತು ನಿಮಗೆ ವಿಶೇಷವಾಗಿ ಸೇರಿದ್ದು. ಅದೇ ಚುನಾವಣೆಯಲ್ಲಿ ಜಯನಗರದ ಫಲಿತಾಂಶ ತೀರ್ಮಾನವಾದದ್ದು 16 ಮತಗಳಿಂದ. ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿಯವರು ಮನೆಯಲ್ಲೇ ಉಳಿದರೆ ಶಾಸಕರೇ ಬದಲಾಗಬಹುದು.

ಆಮೇಲೆ ನಿಮ್ಮ ಶಾಸಕರ ಸದನದ ಬದುಕನ್ನು ಹಿಂಬಾಲಿಸಿ. ವಿಧಾನಸಭೆಯ ಪ್ರಶ್ನೋತ್ತರಗಳು, ಕಾರ್ಯಕಲಾಪ ಪಟ್ಟಿ, ಮಂಡನೆಯಾದ ವಿಧೇಯಕಗಳು ಸಾರ್ವಜನಿಕವಾಗಿ ಸಿಗುತ್ತವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಬಾಯಿಬಿಟ್ಟು ಉತ್ತರಿಸಬೇಕು, ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದಲ್ಲಿ ಉತ್ತರ ಬರುತ್ತದೆ. ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆ, ಬಜೆಟ್ ಮೇಲಿನ ಚರ್ಚೆ ಇವೆಲ್ಲ ಮಂತ್ರಿಯಲ್ಲದ ಶಾಸಕರ ಕೈಯಲ್ಲಿರುವ ಹತಾರಗಳು. ವರ್ಷಕ್ಕೆ ಕನಿಷ್ಠ ಅರವತ್ತು ದಿನವಾದರೂ ಸದನ ಸೇರಬೇಕೆಂದು ನಮ್ಮ ರಾಜ್ಯವೇ 2005ರಲ್ಲಿ ಕಾಯಿದೆ ಮಾಡಿಕೊಂಡಿದೆ. ಹೆಚ್ಚಿನ ವರ್ಷಗಳಲ್ಲಿ ಕಲಾಪ ಆ ಸಂಖ್ಯೆಯನ್ನು ಮುಟ್ಟುವುದಿಲ್ಲ. ಸೇರಿದ ದಿನಗಳಲ್ಲೂ ಧರಣಿ, ಗದ್ದಲಗಳಲ್ಲಿ ಹೊತ್ತು ಕಳೆದು, ಕೊನೆಯಲ್ಲಿ ವಿಧೇಯಕಗಳು ಚರ್ಚೆಯಿಲ್ಲದೆ ಒಂದರ ಹಿಂದೆ ಒಂದು ಪಾಸಾಗುತ್ತವೆ. ತನ್ನ ಮನೆಯ ಕಾನೂನನ್ನೇ ಪಾಲಿಸದ ಸದನವನ್ನು ತಿದ್ದುವ ಶಕ್ತಿ ಮತದಾರರಿಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ. ಅಧಿವೇಶನ ನಡೆಯುವಾಗ ಪಾಸ್ ಪಡೆದು ಸಾರ್ವಜನಿಕರ ಗ್ಯಾಲರಿಯಲ್ಲಿ ಕೂತು ನೋಡಿ. ನಿಮ್ಮ ಕ್ಷೇತ್ರದ ಹುಡುಗ ಹುಡುಗಿಯರು ಮೇಲೆ ಕೂತಿದ್ದಾರೆಂದು ತಿಳಿದಾಗ ಕೆಳಗೆ ಕೂತವರ ನಡವಳಿಕೆ ಬದಲಾಗುತ್ತದೆ.

ಕಾರ್ಪೊರೇಟರನ್ನು ಆರಿಸುವ ಹಕ್ಕನ್ನೂ ಪಟ್ಟು ಹಿಡಿದು ಕೇಳಿ, ಸಿಕ್ಕಾಗ ತಪ್ಪದೆ ಬಳಸಿ. ವಾರ್ಡಿಗೆ ಒಬ್ಬ ಹೊಣೆಗಾರ ಸಿಕ್ಕರೆ ಶಾಸಕರ ಮನೆ ಮುಂದಿನ ಸಾಲು ಚಿಕ್ಕದಾಗುತ್ತದೆ, ಅವರಿಗೆ ಮಸೂದೆ ಓದಲು ಹೊತ್ತು ಸಿಗುತ್ತದೆ. ಪಾಲಿಕೆ ಚುನಾವಣೆ ಮುಂದಕ್ಕೆ ಹೋದಷ್ಟೂ ತಮ್ಮ ಹಿಡಿತ ಗಟ್ಟಿಯಾಗುತ್ತದೆಂದು ಯೋಚಿಸುವ ಶಾಸಕರಿಗೆ, ಅದು ನಮಗೆ ಒಪ್ಪಿಗೆಯಿಲ್ಲ ಎಂದು ಮುಖಕ್ಕೇ ಹೇಳಿ.

ನಿಮ್ಮಲ್ಲಿ ಕೆಲವರು ಮುಂದೆ ತಾವೇ ಈ ದಾರಿಗೆ ಬರಬೇಕೆಂದು ನನ್ನ ಆಸೆ. ವಿಧಾನಸಭೆಗೆ ನಿಲ್ಲಲು ಇಪ್ಪತ್ತೈದು ವರ್ಷ ತುಂಬಿದರೆ ಸಾಕು. ಟಿಕೆಟ್ಟು, ದುಡ್ಡು, ಜಾತಿ ಬಲವಿಲ್ಲದೆ ಆಗದ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೂ ಬೇರೆ ರಾಜ್ಯದಲ್ಲಿ ಹುಟ್ಟಿದವರು, ವಿದ್ಯಾರ್ಥಿ ದೆಸೆಯಲ್ಲೇ ಸಂಘಟನೆಗೆ ಬಂದವರು, ವಾರ್ಡಿನ ಕೆಲಸ ಮಾಡಿ ಮೇಲೆ ಬಂದವರು, ಮೀಸಲು ಕ್ಷೇತ್ರದಿಂದ ಎದ್ದು ನಿಂತವರು ಈ ನೆಲದಲ್ಲೇ ಗೆದ್ದಿದ್ದಾರೆ. ನೀವು ಬರುವುದಾದರೆ ಗಲ್ಲಿಯ ಶಾಲೆಯಲ್ಲಿ ಮನಸ್ಸಿಟ್ಟು ಕಲಿಯಿರಿ. ಬಜೆಟ್ ಪುಸ್ತಕ ಓದುವುದನ್ನೂ ಈಗಿನಿಂದಲೇ ಕಲಿಯಿರಿ.

2028ರಲ್ಲಿ ಅಭ್ಯರ್ಥಿ ಕೈಮುಗಿದುಕೊಂಡು ನಿಮ್ಮ ಬೀದಿಗೆ ಬಂದಾಗ ಮೋರಿಯ ಮಾತು ಎತ್ತಿ, ನೀರಿನ ಮಾತು ಎತ್ತಿ, ಅದು ನಿಮ್ಮ ಹಕ್ಕು. ಅದರ ಜೊತೆಗೆ ಮೂರು ಪ್ರಶ್ನೆ ಕೇಳಿ. ಮೊದಲನೆಯದು, ಗೆದ್ದು ಹೋದರೆ ನಮ್ಮ ಕ್ಷೇತ್ರದ ಯಾವ ವಿಷಯವನ್ನು ಸದನದಲ್ಲಿ ಮೊದಲು ಎತ್ತುತ್ತೀರಿ? ಎರಡನೆಯದು, ಅಧಿವೇಶನ ಮುಗಿದ ಮೇಲೆ ನಮ್ಮ ಮುಂದೆ ಬಂದು ಏನು ಕೇಳಿದಿರಿ, ಏನು ಉತ್ತರ ಬಂತು ಎಂದು ಲೆಕ್ಕ ಒಪ್ಪಿಸುತ್ತೀರಾ? ಮೂರನೆಯದು, ಪಕ್ಷ ಬಿಡುವ ಸಂದರ್ಭ ಬಂದರೆ ಮೊದಲು ನಮಗೆ ಹೇಳುತ್ತೀರಾ? ಉತ್ತರವನ್ನು ಫೋನಿನಲ್ಲಿ ಚಿತ್ರೀಕರಿಸಿ ಇಟ್ಟುಕೊಳ್ಳಿ. ಐದು ವರ್ಷ ಅದನ್ನು ಅಳಿಸಬೇಡಿ, ಮುಂದಿನ ಚುನಾವಣೆಗೆ ಅವರು ಮತ್ತೆ ಬಂದಾಗ ಅವರ ಮುಂದೆಯೇ ಹಾಕಿ ತೋರಿಸಿ.

ಪ್ರೀತಿಯಿಂದ,
ಹಲಸೂರಿನ ಹಿರಿಯ ಮತದಾರ